ಹುಲಿ ಕಂಡು ಅಪ್ಪ ಕೂಗಿದ್ದು

ಇವತ್ತು ಮುಂಬೈಯ ಮುಲುಂಡ್ ಲೋಕಲ್ ರೈಲಿನಲ್ಲಿ ಪಕ್ಕದ ಹುಡುಗಿಯ ಮೊಬೈಲಿನಲ್ಲಿ ಹುಲಿಯೊಂದು ನಡೆಯುತ್ತಿತ್ತು. ಅಪ್ಪ ನೆನಪಾದರು.

ಅಪ್ಪ ಘಾಟ್ಕೋಪರಿನ ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್. ಗಿರಾಕಿ ಕೇಳಿದ್ದನ್ನು ಒಳಗಿನ ಭಟ್ಟರಿಗೆ ಕೂಗಿ ಹೇಳುವುದೇ ಅವರ ಕಸುಬು. ಒಮ್ಮೆ ರಜೆ ಸಿಕ್ಕಾಗ ಹುಲಿ ತೋರಿಸಲು ನಮ್ಮನ್ನು ದೂರದ ಕಾಡಿಗೆ ಕರೆದೊಯ್ದರು. ಸಫಾರಿ ಜೀಪಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಒಣಹುಲ್ಲು ಸರಿಸಿಕೊಂಡು ಹುಲಿ ಬಂತು, ಹಿಂದೆಯೇ ಮರಿಗಳು.

"ಒಂದು ಹುಲೀ, ಎರಡು ಮರೀ!" ಅಪ್ಪ ಹೋಟೆಲಿನ ರಾಗದಲ್ಲೇ ಕೂಗಿಬಿಟ್ಟರು. ಹುಲಿ ಮಾಯವಾಯಿತು.

"ಏಯ್ ಹೋಟೆಲ್‌ವಾಲಾ, ಚುಪ್ ಬೈಠ್!" ಕ್ಯಾಮೆರಾ ಹಿಡಿದ ಸಾಹೇಬ ಗದರಿದ. ಅಪ್ಪ ತಲೆ ತಗ್ಗಿಸಿದರು.

ಅಮ್ಮ ಆ ಸಾಹೇಬನಿಗೆ ಕನ್ನಡದಲ್ಲೇ ತಿರುಗಿಬಿದ್ದಳು: "ಹೊಟ್ಟೆ ಹಸಿದಾಗ ಈ ಸ್ವರ ಬೇಕು, ಈಗ ಬೇಡ್ವಾ ಮಾರಾಯ್ರೆ?"

ಅಪ್ಪನ ತಲೆ ಮೇಲೆದ್ದಿತು. ಇವತ್ತಿಗೂ ಕೆಲಸಗಾರರ ಧರಣಿಯಲ್ಲಿ ನಾನು ಘೋಷಣೆ ಕೂಗುವಾಗ ಯಾರಾದರೂ ಮೆಲ್ಲಗೆ ಮಾತಾಡು ಎಂದರೆ ನನ್ನ ದನಿ ಏರಿಯೇ ಏರುತ್ತದೆ.