ವರದಿಯಲ್ಲಿ ಬಿಟ್ಟ ಮಾತು

ಪರಿಸರ ಹೋರಾಟಗಾರರ ಸಭೆಗಳಿಗೆ ಮಫ್ತಿಯಲ್ಲಿ ಹೋಗಿ, ಯಾರು ಏನಂದರು ಎಂದು ಬರೆದುಕೊಂಡು ಬರುವ ಕೆಲಸ ಪೊಲೀಸ್ ಇಲಾಖೆಯಲ್ಲಿ ನನ್ನ ಪಾಲಿಗೆ ಬಂತು. ‘ಗಿಡ ಹಚ್ಚೋ ಮಂದಿ ಮ್ಯಾಲೂ ನಿಗಾ ಏನ್ರಿ?’ ಎಂದು ಠಾಣೆಯಲ್ಲಿ ನಕ್ಕಿದ್ದೆ. ಇಂಡಿ ತಾಲೂಕಿನ ಕಡೆ ಇಂಥ ಸಭೆಯವರೇ ಯಾರೋ ಮರಳು ತೆಗೆಯುವ ಯಂತ್ರಕ್ಕೆ ಬೆಂಕಿ ಹಚ್ಚಿ, ಅದರ ಕಾವಲುಗಾರನ ಎರಡೂ ಕೈ ಸುಟ್ಟುಹೋದ ಮೇಲೆ ನನ್ನ ನಗು ನಿಂತಿತು.

ಕೊಲ್ಹಾರದ ಸಭೆ ಕಾರ್ಖಾನೆಯೊಂದರ ಕೊಳೆ ನೀರಿನದು. ಅದರ ಪೈಪನ್ನು ಹಿನ್ನೀರಿಗೇ ಬಿಟ್ಟಿದ್ದರು, ಮೀನು ಸಾಯುತ್ತಿದ್ದವು. ಮೀನುಗಾರರ ಮನೆಯ ಹುಡುಗಿಯೊಬ್ಬಳು ಮಾತಾಡಲು ಎದ್ದಳು. ಮುದ್ದೇಬಿಹಾಳದ ಕಾಲೇಜಿನಲ್ಲಿ ಹಂಗಾಮಿಯಾಗಿ ಪಾಠ ಹೇಳುತ್ತಿದ್ದಳು. ಸರ್ಕಾರಿ ನೌಕರಿಯ ಪಟ್ಟಿಯಲ್ಲಿ ಹೆಸರು ಬಂದು, ಪೊಲೀಸ್ ತಪಾಸಣೆಯೊಂದೇ ಬಾಕಿ ಇತ್ತು. ‘ಆ ಪೈಪ್ ಒಡದ ಹಾಕಬೇಕು ಅನಸ್ತೈತ್ರಿ,’ ಅಂದಳು. ಚಪ್ಪಾಳೆ ಬಿತ್ತು. ಕೈ ಎತ್ತಿ ಅದನ್ನು ನಿಲ್ಲಿಸಿ, ‘ಆದ್ರ ಒಡಿಯೂದು ಬ್ಯಾಡ. ಅಲ್ಲೂ ನಮ್ಮಂಥವರ ಮಕ್ಕಳ ದುಡಿಯಾಕತ್ತಾರ. ಆ ನೀರ ಬಾಟ್ಲಿಯೊಳಗ ತುಂಬಕೊಂಡು ಡಿ.ಸಿ. ಆಫೀಸಿಗೆ ಹೋಗೂಣು,’ ಅಂದಳು.

ನಾನು ಮೊದಲಿನ ಮಾತನ್ನಷ್ಟೇ ಬರೆದೆ. ಅವಳ ಮೇಲೆ ದ್ವೇಷವೇನೂ ಇರಲಿಲ್ಲ. ಸಾಹೇಬರಿಗೆ ಖಾರದ ಮಾತು ಬೇಕು. ಸಪ್ಪೆ ವರದಿ ಕೊಟ್ಟರೆ ‘ಸಭಾದಾಗ ನಿದ್ದಿ ಹೊಡದ ಬಂದೀ ಏನಪಾ?’ ಅನ್ನುತ್ತಿದ್ದರು. ವರ್ಷಗಟ್ಟಲೆ ಹಾಗೇ ಬರೆದು ಕೈ ಪಳಗಿತ್ತು.

ವಾರದೊಳಗೆ ಯಾರೋ ಪೈಪ್ ಒಡೆದರು. ನನ್ನ ವರದಿಯ ಹಾಳೆ ಹಿಡಿದು ಹೋದ ಪೊಲೀಸರು ಪಾಠ ಮಾಡುತ್ತಿದ್ದವಳನ್ನು ಕ್ಲಾಸಿನಿಂದಲೇ ಕರೆತಂದರು. ಠಾಣೆಯ ಬೆಂಚಿನ ಮೇಲೆ ಕುಳಿತಿದ್ದವಳು ನನ್ನ ಗುರುತು ಹಿಡಿದಳು. ‘ನೀವೂ ಅಲ್ಲೇ ಕುಂತಿದ್ರಲ್ರಿ. ನಾ ಬ್ಯಾಡ ಅಂದಿದ್ದು ಕೇಳಿಸಲಿಲ್ಲೇನ್ರಿ?’

ಥೂ ನನ್ನ ಬಾಳೇ! ನಾಚಿಕೆಯಿಂದ ಸತ್ತಂತಾಯಿತು. ‘ಕೇಳಿಸಿತ್ತವಾ,’ ಅಂದೆ. ಸಾಹೇಬರ ಮುಂದೆ ಹೋಗಿ ಪೂರ್ತಿ ಹೇಳಿದೆ, ಬರೆದೂ ಕೊಟ್ಟೆ. ‘ಇಷ್ಟ ದಿನ ಬಾಯಾಗ ಏನ ಇಟಗೊಂಡಿದ್ದಿಲೇ?’ ಎಂದು ಬೈದರು; ಬೈಯಬೇಕಾದದ್ದೇ. ಒಡೆದವರು ಬೇರೆಯವರೆಂದು ತಿಳಿದು ಅವಳ ಮೇಲಿನ ಕೇಸು ಕೈಬಿಡುವಷ್ಟರಲ್ಲಿ, ತಪಾಸಣೆಯಲ್ಲಿ ಅವಳ ಹೆಸರು ಬಿದ್ದು, ಆ ಸರ್ಕಾರಿ ನೌಕರಿ ಪಟ್ಟಿಯಲ್ಲಿ ಅವಳ ನಂತರ ಇದ್ದವರಿಗೆ ಹೋಗಿತ್ತು.

ಕೊಲ್ಹಾರದಲ್ಲಿ ಮತ್ತೆ ಸಭೆ ಸೇರಿತು. ಅವಳು ಬರಲಿಲ್ಲ. ‘ಪೈಪ್ ಅಷ್ಟ ಅಲ್ಲ, ಕಾರ್ಖಾನಿಗೇ ಬೆಂಕಿ ಹಚ್ಚೂಣು’ ಎಂದು ಒಬ್ಬ ಎದ್ದು ಕೂಗಿದ. ನಾನು ಪೆನ್ನು ಹಿಡಿದು ಕಾದೆ. ಬ್ಯಾಡ ಅನ್ನುವವರು ಯಾರೂ ಏಳಲಿಲ್ಲ.