ಸೋಲಾರಿಗೆ ಹೋರಿಯ ತೀರ್ಪು

ತಮಿಳುನಾಡಿನ ಕಂಬಂ ಕಣಿವೆಯ ಕನ್ನಡ ಮಾತಿನ ನಮ್ಮ ಜನರಲ್ಲಿ ದೇವರ ಮಂದೆಗೆ ಪಟ್ಟದ ಹೋರಿಯನ್ನು ಆರಿಸುವುದು ಮನುಷ್ಯರಲ್ಲ. ಕಬ್ಬು ಇಟ್ಟು ಹೋರಿಗಳನ್ನು ಬಿಡುತ್ತಾರೆ. ಮೊದಲು ಬಂದು ಬಾಯಿ ಹಾಕಿದ್ದಕ್ಕೇ ಪಟ್ಟ. ಮನುಷ್ಯರ ಕೈಗೆ ಬಿಟ್ಟಿದ್ದರೆ ಆ ಜಗಳ ಇಂದಿಗೂ ಮುಗಿಯುತ್ತಿರಲಿಲ್ಲ. ಓಡೈಪಟ್ಟಿಯ ನಮ್ಮ ತೋಟಕ್ಕೆ ಸೋಲಾರ್ ಹಾಕಿಸುವಾಗ ನಾನೂ ಅದನ್ನೇ ನಂಬಿದೆ.

ದ್ರಾಕ್ಷಿಗೆ ಕತ್ತರಿ ಹಾಕಿ ಆಗಿತ್ತು. ಚಿಗುರು ಹೊರಟ ಬಳ್ಳಿಗೆ ಆ ವಾರ ನೀರು ತಪ್ಪಿದರೆ ಫಸಲು ಹೋದಂತೆ. ಹಳೆಯ ಡೀಸೆಲ್ ಇಂಜಿನ್ ಕೆಟ್ಟು ಕೂತಿತ್ತು. ಗುಡ್ಡದಾಚೆಯ ಗಾಳಿಯಂತ್ರಗಳು ನಮ್ಮ ಕಣಿವೆಯ ಗಾಳಿ ಕುಡಿದು ಹಗಲಿಡೀ ತಿರುಗುತ್ತಿದ್ದವು. ನಮ್ಮ ಬಾವಿಯ ಮೋಟಾರಿಗೆ ಕರೆಂಟ್ ಬರುವುದು ಮಾತ್ರ ಬಿಗುಮಾನದ ಅಳಿಯ ಬಂದ ಹಾಗೆ, ಅದಕ್ಕೆ ಮನಸ್ಸಾದಾಗ.

ಸೋಲಾರ್ ಬೇಕು ಎನ್ನುವುದರಲ್ಲಿ ಜಗಳವಿರಲಿಲ್ಲ. ಯಾವ ದೇಶದ್ದು ಎನ್ನುವುದರಲ್ಲಿತ್ತು. ಮಗ ಚೀನಾದ್ದೇ ಆಗಲಿ ಎಂದ. ಅಗ್ಗವಂತೆ, ಲೋಕಕ್ಕೆಲ್ಲ ಅವರೇ ಮಾರುತ್ತಾರಂತೆ. ನನ್ನ ತಮ್ಮ ಒಪ್ಪಲಿಲ್ಲ. ಅವನು ಮಗನಿಗೆ ಸೋದರಮಾವ, ಹೆಣ್ಣು ಕೊಟ್ಟ ಮಾವನೂ ಅವನೇ. ಹಾಗಾಗಿ ಬಾಯಿ ಎರಡರಷ್ಟು.

"ಗಡಿಯಾಗೆ ನಮ್ಮೋರ ಮೇಲೆ ಬೀಳೋ ನಾಡಿನ ತಗಡು ನನ್ನ ಮಗಳ ಬಾವಿ ಮೇಲೆ ಬೇಡ ಅಕ್ಕ."

"ಮಾಮಾ, ನಿಮ್ಮ ಜೇಬಿನಾಗಿರೋ ಫೋನು ಪಳನಿ ಬೆಟ್ಟದಾಗೆ ಬೆಳೆದದ್ದಾ?" ಎಂದ ಮಗ.

ಅಲ್ಲಿಗೆ ಮಾತು ಬಿಟ್ಟರು. ಸೊಸೆ ಗಂಡನಿಗೊಂದು ಹೊತ್ತು, ಅಪ್ಪನಿಗೊಂದು ಹೊತ್ತು ಬಡಿಸಿ ಸುಸ್ತಾದಳು. ಬಳ್ಳಿ ಬಾಡತೊಡಗಿತು. ನಾನು ತೇನಿಯ ಅಂಗಡಿಯವನಿಗೆ ಚೀನಾದ್ದೂ ನಮ್ಮ ದೇಶದ್ದೂ ಒಂದೊಂದು ಸೋಲಾರ್ ಹಲಗೆ ತರಲು ಹೇಳಿ, ದನದ ಹಟ್ಟಿಯ ಗೋಡೆಗೆ ಒರಗಿಸಿ, ಎರಡರ ಮುಂದೆಯೂ ಕಬ್ಬು ಇಟ್ಟೆ. ಬಿಟ್ಟ ಹೋರಿ ದೇವರದ್ದಲ್ಲ, ಮನೆಯದೇ. ಆದರೂ ಗಂಡಸರಿಬ್ಬರೂ ಚಪ್ಪಲಿ ಬಿಟ್ಟು ನಿಂತರು. ಅಂಗಡಿಯವನು ನಗಲು ಹೋಗಿ, ನಮ್ಮ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಹೋರಿ ನೇರವಾಗಿ ನಮ್ಮ ದೇಶದ ಹಲಗೆಯ ಮುಂದೆ ಹೋಯಿತು. ತಮ್ಮ ಮೀಸೆ ಮುಟ್ಟಿಕೊಂಡ. ಕಬ್ಬಿಗೆ ಬಾಯಿ ಹಾಕುವ ಮೊದಲು ಹೋರಿ ತಲೆ ಎತ್ತಿ ನೋಡಿತು. ಗಾಜಿನೊಳಗೆ ಇನ್ನೊಂದು ಹೋರಿ! ಒಂದೇ ಗುದ್ದು. ಆಮೇಲೆ ನಿಧಾನವಾಗಿ ಎರಡು ಕಡೆಯ ಕಬ್ಬನ್ನೂ ತಿಂದಿತು.

ಮಗ ನಗುತ್ತಿದ್ದ. ಅಂಗಡಿಯವನು ಸೀಳಿದ ಗಾಜನ್ನು ಸವರುತ್ತಾ ತಮಿಳಿನಲ್ಲಿ ಮೆತ್ತಗೆ ಹೇಳಿದ: ಗಾಜು, ಚೌಕಟ್ಟು, ಜೋಡಣೆ ಇಲ್ಲಿಯದು, ಬಿಸಿಲನ್ನು ಕರೆಂಟ್ ಮಾಡುವ ಒಳಗಿನ ನೀಲಿ ಬಿಲ್ಲೆಗಳು ಮಾತ್ರ ಚೀನಾದಿಂದಲೇ ಬರುವುದು. ತಮ್ಮ ನನ್ನ ಮುಖ ನೋಡಿದ, ಆಮೇಲೆ ಹೋರಿಯ ಮುಖ ನೋಡಿದ.

ಇವುಗಳಲ್ಲಿ ನಾಳೆಯೇ ತರಲು ಆಗುವುದು ಯಾವುದು ಎಂದು ಕೇಳಿದೆ. ಇಲ್ಲಿ ಜೋಡಿಸಿದ್ದೇ ಗೋದಾಮಿನಲ್ಲಿದೆ ಎಂದ.

"ಅದನ್ನೇ ತಗೊಂಬಾಪ್ಪ. ಇವರಿಬ್ಬರ ಗಡಿ ಜಗಳ ಮುಗಿಯೋತನಕ ಬಳ್ಳಿ ಕಾಯಾಕಿಲ್ಲ."

ಪೈಪಿಗೆ ನೀರು ಬಂದ ದಿನ ಮೊದಲು ಬೊಗಸೆ ಒಡ್ಡಿದವನು ತಮ್ಮನೇ. ಹೊಟ್ಟೆ ತುಂಬ ಕುಡಿದ, ಯಾವ ನಾಡಿನ ಬಿಲ್ಲೆ ಎತ್ತಿದ ನೀರೆಂದು ಕೇಳಲಿಲ್ಲ. ಬಳ್ಳಿ ಉಳಿಯಿತು.

ಒಡೆದ ಹಲಗೆಯನ್ನು ಬಿಸಾಡದೆ ಹಟ್ಟಿಗೆ ಸೂರು ಮಾಡಿಸಿದೆ. ಹೋರಿ ಅದರ ನೆರಳಲ್ಲೇ ಮಲಗುತ್ತದೆ. ಗಾಜಿನ ಮುಖ ಆಕಾಶಕ್ಕಿದೆ, ಕೆಳಗಿನಿಂದ ನೋಡಿದರೆ ಅದರಲ್ಲಿ ಇನ್ನೊಂದು ಹೋರಿ ಕಾಣುವುದಿಲ್ಲ.