ಕುರಿ ತುಳಿದ ರನ್‌ವೇ

ಮೊನ್ನೆ ಶಹಾಪುರದಿಂದ ಗೋಗಿಗೆ ಆಟೋದಲ್ಲಿ ಹೋಗುವಾಗ ಭತ್ತದ ಗದ್ದೆಗೆ ಯಾರೋ ಡ್ರೋನಿನಿಂದ ಎಣ್ಣೆ ಹೊಡೆಸುತ್ತಿದ್ದರು. ನಮ್ಮ ಕಡೆ ಕ್ರಿಮಿನಾಶಕಕ್ಕೆ ಎಣ್ಣೆ ಎಂದೇ ಹೆಸರು. ಅದರ ಘಾಟು ಮೂಗಿಗೆ ಬಡಿದದ್ದೇ ತಡ, ಮಲ್ಲಮ್ಮತ್ತೆ ನೆನಪಾದಳು. ಎಣ್ಣೆಗೂ ನಿನ್ನ ಅತ್ತೆಗೂ ಏನು ಸಂಬಂಧ ಎನ್ನುತ್ತೀರಿ. ನಡುವೆ ಒಂದು ವಿಮಾನವಿದೆ.

ಬಹಳ ವರ್ಷದ ಹಿಂದಿನ ಮಾತು, ಕಾಲುವೆ ನೀರು ಬಂದ ಹೊಸತು. ಜೋಳ ಬಿತ್ತುತ್ತಿದ್ದವರೆಲ್ಲ ಭತ್ತ ಹಚ್ಚಿದ್ದರು. ಭತ್ತದ ಹಿಂದೆಯೇ ಹುಳವೂ ಬಂತು. ಎಣ್ಣೆ ಹೊಡೆಯಲು ಅತ್ತೆಯ ಊರಾದ ದೇವಾಪುರಕ್ಕೆ ಯಾವುದೋ ಕಂಪನಿಯ ಪುಟ್ಟ ವಿಮಾನ ಬರುತ್ತದೆಂದಾಯಿತು. ಅದು ಇಳಿಯಲು ಉದ್ದನೆಯ ಗಟ್ಟಿ ನೆಲ ಬೇಕು. ಗರಸು ಎನ್ನುವ ಕಲ್ಲುಮಣ್ಣು ತಂದು ಹಾಸಿದರು, ರೋಲರ್ ಮಾತ್ರ ಬರಲಿಲ್ಲ. ಊರ ಹಿರಿಯರು ನನ್ನ ಸೋದರತ್ತೆ ಮಲ್ಲಮ್ಮನನ್ನು ಕರೆದರು. ಕಣ ಮಾಡುವಾಗ ನೆಲಕ್ಕೆ ನೀರು ಚಿಮುಕಿಸಿ ಕುರಿ ತುಳಿಸುವುದು ನಮ್ಮಲ್ಲಿ ರೂಢಿ. ಆ ಕೆಲಸಕ್ಕೆ ಅತ್ತೆಯ ಹಿಂಡೆಂದರೆ ಹೆಸರುವಾಸಿ. ಅವಳು ಕುರಿಗಳನ್ನು ಮೇಲಕ್ಕೂ ಕೆಳಕ್ಕೂ ಓಡಾಡಿಸಿ ನೆಲ ಗಟ್ಟಿ ಮಾಡಿದಳು. ಸೆಗಣಿಯಿಂದ ಸಾರಿಸಲೂ ಹೊರಟಿದ್ದಳಂತೆ, ಪೈಲಟ್ ಕೈಮುಗಿದು ಬೇಡವೆಂದನಂತೆ.

ಕೆಲವು ದಿನ ವಿಮಾನ ಸುಸೂತ್ರವಾಗಿ ಏರಿತು, ಇಳಿಯಿತು. ಒಂದು ಸಂಜೆ ನೆಲ ಮುಟ್ಟಿದ ಕೂಡಲೇ ಬಲಗಡೆಯ ಚಕ್ರ ಕಳಚಿ ಉರುಳಿತು. ರೆಕ್ಕೆ ನೆಲಕ್ಕೆ ನಾಟಿ, ವಿಮಾನ ಗಿರ್ರನೆ ತಿರುಗಿ ಗದ್ದೆಯ ಕೆಸರಿಗೆ ಬಿತ್ತು. ಪೈಲಟ್‌ನ ಕಾಲು ಮುರಿಯಿತು.

ಕಂಪನಿಯವರು ಬಂದು ಕುರಿ ಗೊರಸಿನ ಗುರುತುಗಳ ಫೋಟೋ ತೆಗೆದುಕೊಂಡರು. ನೆಲ ಕುಸಿದದ್ದೇ ಕಾರಣ ಎಂದರು. ಕರೆದು ಕೆಲಸ ಕೊಟ್ಟ ಹಿರಿಯರೇ ಈಗ ಅತ್ತೆಯನ್ನು ಕಂಡರೆ ಮುಖ ತಿರುಗಿಸತೊಡಗಿದರು. ಆ ಸುಗ್ಗಿಯಲ್ಲಿ ಯಾರೂ ಅವಳ ಹಿಂಡನ್ನು ಕಣಕ್ಕೆ ಕರೆಯಲಿಲ್ಲ. ಅದಕ್ಕಿಂತ ಅವಳನ್ನು ಕೊರೆದದ್ದು ಬೇರೆ.

"ಯಾವ ತಾಯಿ ಮಗನೋ ಏನೋ, ನಾನs ಕಾಲ್ ಮುರದೀನಿ ತಮ್ಮಾ," ಅಂದಳು ನನ್ನ ಮುಂದೆ.

ದಿನಾ ಆಡಿನ ಹಾಲು ಹಿಡಿದು ಪೈಲಟ್ ಇದ್ದ ಸುರಪುರದ ಆಸ್ಪತ್ರೆಗೆ ಬರುತ್ತಿದ್ದಳು. ಆ ಊರಲ್ಲೇ ಶಾಲೆಯ ಮಾಸ್ತರನಾಗಿದ್ದ ನಾನು ಅವಳಿಗೆ ಜೊತೆ. ಅವನು ಆಡುತ್ತಿದ್ದುದು ಹಿಂದಿ; ಅವಳಿಗೆ ಅದು ತಿಳಿಯುತ್ತಿತ್ತು, ಮಾತಾಡಲು ಬರುತ್ತಿರಲಿಲ್ಲ, ಅವಳ ಮಾತನ್ನು ನಾನೇ ಹಿಂದಿಗೆ ತಿರುಗಿಸಿ ಹೇಳುತ್ತಿದ್ದೆ. ನನ್ನ ಹಿಂದಿ ಭಾರಿ ಚೆನ್ನಾಗಿದೆಯೆಂದು ನಾನು ತಿಳಿದಿದ್ದೆ. ಪೈಲಟ್ ಮಾತ್ರ ಅದನ್ನು ಕೇಳಿದಾಗಲೆಲ್ಲ ನೋವಿನಲ್ಲೂ ನಗುತ್ತಿದ್ದ.

ಒಂದು ದಿನ ಅವನು ನಗಲಿಲ್ಲ, ಲೋಟವನ್ನೂ ಮುಟ್ಟಲಿಲ್ಲ. ನೆಲ ಗಟ್ಟಿಯಾಗಿಯೇ ಇತ್ತು ಎಂದ. ಕಂಪನಿಯಲ್ಲಿ ಚಕ್ರ ಬದಲಿಸಿದವರು ಬೋಲ್ಟ್ ಬಿಗಿ ಮಾಡಿರಲಿಲ್ಲವಂತೆ. ಬಿದ್ದ ದಿನವೇ ಅವನಿಗೆ ಗೊತ್ತಾಗಿತ್ತು. ಬಾಯಿ ಬಿಟ್ಟರೆ ನೌಕರಿ ಇಲ್ಲ ಎಂದಿದ್ದರು ಕಂಪನಿಯವರು.

ನನಗೆ ಮೈಯೆಲ್ಲ ಉರಿಯಿತು. ಅತ್ತೆ ಲೋಟ ಎತ್ತಿ ಅವನ ಕೈಗೆ ಕೊಟ್ಟಳು.

"ಕುಡೀರಿ. ಕಾಲಿಗೆ ಬಲ ಬಂದ ಮ್ಯಾಲ ನಮ್ಮೂರಿಗೆ ಬಂದು ಹೇಳ್ರಿ. ನಾ ಹೇಳಿದ್ರ ಯಾರೂ ನಂಬಂಗಿಲ್ಲ."

ಅವನು ಬರುವುದಿಲ್ಲವೆಂದು ನಾನು ಅತ್ತೆಗೆ ಖಚಿತವಾಗಿ ಹೇಳಿದ್ದೆ. ಅವನು ಬಂದ. ದೇವಾಪುರದ ಕಟ್ಟೆಯ ಮುಂದೆ ಊರುಗೋಲಿನ ಮೇಲೆ ನಿಂತು, ತಲೆ ತಗ್ಗಿಸಿ, ತಪ್ಪು ನೆಲದ್ದಲ್ಲ, ನಮ್ಮ ಕಂಪನಿಯದು ಎಂದ. ಹಿರಿಯರು ಕೆಮ್ಮಿದರು. ಕೆಲವರು ಏಳಲು ಅಣಿಯಾದರು.

"ಕುಂದರ್ರಿ," ಅಂದಳು ಅತ್ತೆ. ಅವನ ಕಡೆ ತಿರುಗಿದಳು. "ಸಾಹೇಬ್ರ, ಹಿಂದಿನವರಿಗೆ ಕೇಳಿಲ್ಲ. ಇನ್ನೊಮ್ಮೆ ಹೇಳ್ರಿ."

ಅವನು ತಲೆಯೆತ್ತಿ ಇನ್ನೊಮ್ಮೆ ಹೇಳಿದ, ಜೋರಾಗಿ. ಅಷ್ಟು ದಿನ ಅಳದ ಅತ್ತೆ ಆಗ ಎಲ್ಲರೆದುರು ಅತ್ತಳು.

ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ ಇಷ್ಟು ವರ್ಷ ನಾನು ಅವನನ್ನು ಹೇಡಿ ಎಂದೇ ಬೈದುಕೊಂಡು ಬಂದೆ. ಇದನ್ನು ಬರೆಯುತ್ತ ಕೂತಾಗ ಆ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಹೇಳಿದರೆ ನೌಕರಿ ಹೋಗುವುದು ಅವನಿಗೆ ಗೊತ್ತಿತ್ತು; ಆದರೂ ಬಂದು ಎರಡು ಸಲ ಹೇಳಿದ.